ಎಂಬಿಪಿಎಸ್ ಜೊತೆಗೆ ವಿಳಂಬವನ್ನೂ ತಿಳಿಸಲಿ

ಮಾನ್ಯ ಸಂಪಾದಕರೇ,

ಮನೆಗಳಿಗೆ ಇಂಟರ್‌ನೆಟ್ ಸಂಪರ್ಕ ಕೊಡುವವರ ಕರಪತ್ರಗಳಲ್ಲಿ ಈಚೆಗೆ ‘ಗೇಮಿಂಗ್‌ಗೆ ಹೇಳಿ ಮಾಡಿಸಿದ ಪ್ಲಾನ್’ ಎಂಬ ಸಾಲು ಕಾಣುತ್ತಿದೆ. ಅದರ ಕೆಳಗಿರುವುದು ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಡೇಟಾ ಎಂಬ) ಲೆಕ್ಕ ಮಾತ್ರ. ಇದನ್ನು ನಂಬಿ ಮಂಡ್ಯದ ನಮ್ಮ ಮನೆಯ ಸಂಪರ್ಕವನ್ನು 50ರಿಂದ 200 ಎಂಬಿಪಿಎಸ್‌ಗೆ ಏರಿಸಿಕೊಂಡೆವು. ಬಿಲ್ ಏರಿತು, ಮಗನ ಆಟದಲ್ಲಿ ಲ್ಯಾಗ್ (ಆಟ ತಡೆತಡೆದು ಸಾಗುವುದು) ಎಳ್ಳಷ್ಟೂ ಇಳಿಯಲಿಲ್ಲ.

ಹಲವರು ಒಟ್ಟಿಗೆ ಆಡುವ ಶೂಟಿಂಗ್ ಆಟಗಳಿಗೆ ಬೇಕಾಗುವ ಡೇಟಾ ವಿಡಿಯೊ ನೋಡಲು ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ. ಆದರೆ ಆ ಡೇಟಾವನ್ನು ಹೊತ್ತ ಪುಟ್ಟ ತುಣುಕುಗಳು, ಅಂದರೆ ಪ್ಯಾಕೆಟ್‌ಗಳು, ಸೆಕೆಂಡಿಗೆ ಹತ್ತಾರು ಬಾರಿ, ತಡವಿಲ್ಲದೆ ಓಡಾಡಬೇಕು. ಡೇಟಾ ಸಾಗಿಸುವ ನಿಯಮಾವಳಿಗಳಲ್ಲಿ ಒಂದಾದ ಟಿಸಿಪಿ ಪ್ರೋಟೊಕಾಲ್‌ನಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ, ಅದರ ನಂತರದವು ಬಂದು ತಲುಪಿದ್ದರೂ, ಕಳೆದದ್ದು ಮತ್ತೆ ಬರುವವರೆಗೆ ಅವುಗಳನ್ನು ಆಟಕ್ಕೆ ಒಪ್ಪಿಸುವುದಿಲ್ಲ. ಸಕ್ಕರೆ ಕಾರ್ಖಾನೆಯ ವೇ ಬ್ರಿಡ್ಜ್ ಮೇಲೆ ಒಂದು ಗಾಡಿಯ ಅಚ್ಚು ಮುರಿದರೆ ಹಿಂದಿನ ಕಬ್ಬಿನ ಗಾಡಿಗಳೆಲ್ಲ ನಿಂತುಬಿಡುವ ಹಾಗೆ. ಅರ್ಧ ಸೆಕೆಂಡಿನ ಹಿಂದೆ ಎದುರಾಳಿ ಎಲ್ಲಿದ್ದ ಎಂಬ ಹಳಸಿದ ಸುದ್ದಿಗಾಗಿ ಕಾಯುವುದು ವ್ಯರ್ಥವಾದ್ದರಿಂದ, ವೇಗದ ಆಟಗಳು ಬಹುಪಾಲು ಕಳೆದ ಪ್ಯಾಕೆಟ್‌ಗೆ ಕಾಯದ, 1980ರಷ್ಟು ಹಳೆಯ ಯುಡಿಪಿ ಪ್ರೋಟೊಕಾಲನ್ನೇ ನೆಚ್ಚಿಕೊಂಡಿವೆ. ಚದುರಂಗಕ್ಕೆ ಟಿಸಿಪಿಯೇ ಸಾಕು.

ಹಾಗಿದ್ದರೂ ಲ್ಯಾಗ್ ಏಕೆ? ಒಂದು ಸಂಜೆ ನಾನು ಮದುವೆಯ ವಿಡಿಯೊ ಅಪ್‌ಲೋಡ್ ಮಾಡುತ್ತಿದ್ದಾಗ ಮಗನ ಪರದೆಯ ಮೂಲೆಯಲ್ಲಿ 40ರ ಆಸುಪಾಸಿನಲ್ಲಿದ್ದ ಪಿಂಗ್ (ಪ್ಯಾಕೆಟ್ ಆಟದ ಸರ್ವರ್‌ಗೆ ಹೋಗಿಬರಲು ಹಿಡಿಯುವ ಸಮಯ) 400 ಮಿಲಿಸೆಕೆಂಡ್ ದಾಟಿತು; ಅಪ್‌ಲೋಡ್ ನಿಲ್ಲಿಸಿದೊಡನೆ ಇಳಿಯಿತು. (ಅಲ್ಲಿಯವರೆಗೂ ನಾನು ಬೈದದ್ದು ಆಟವನ್ನು.) ಅಪ್‌ಲೋಡ್ ಸಾಗುವುದು ಟಿಸಿಪಿಯಲ್ಲಿ. ಸಾಮಾನ್ಯವಾಗಿ ಅದು ಪ್ಯಾಕೆಟ್ ಕಳೆದುಹೋಗುವವರೆಗೂ ವೇಗ ಹೆಚ್ಚಿಸುತ್ತಲೇ ಹೋಗುತ್ತದೆ. ಮೋಡೆಮ್‌ನಲ್ಲಿ ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗವಾದ ಬಫರ್ ದೊಡ್ಡದಿದ್ದರೆ ಪ್ಯಾಕೆಟ್‌ಗಳು ಕಳೆಯುವ ಬದಲು ಸಾಲುಗಟ್ಟುತ್ತವೆ. ಆಟದ ಯುಡಿಪಿ ಪ್ಯಾಕೆಟ್ ಕೂಡ ಅದೇ ಸಾಲಿನ ಬಾಲದಲ್ಲಿ ನಿಲ್ಲಬೇಕಾಗುತ್ತದೆ. ನಮ್ಮ ಪ್ಲಾನಿನ 200 ಡೌನ್‌ಲೋಡ್‌ನ ಲೆಕ್ಕ. ಅಪ್‌ಲೋಡ್‌ಗೆ ಸಿಗುವುದು ಅದರ ಹತ್ತನೆಯ ಒಂದು ಪಾಲು.

ಇದಕ್ಕೆ ಮದ್ದಿಲ್ಲದೆ ಇಲ್ಲ. ಪ್ರತಿ ಹರಿವಿಗೂ (ಆಟಕ್ಕೊಂದು, ಅಪ್‌ಲೋಡ್‌ಗೊಂದು ಎಂಬಂತೆ) ಬೇರೆ ಸಾಲು ಮಾಡಿ, ಸಾಲು ಬೆಳೆಯದಂತೆ ನೋಡಿಕೊಳ್ಳುವ ಎಫ್‌ಕ್ಯೂ-ಕೋಡೆಲ್ ವಿಧಾನದ ವಿವರಣೆ 2018ರಲ್ಲೇ ಇಂಟರ್‌ನೆಟ್ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 8290 ಆಗಿ ಪ್ರಕಟವಾಗಿದೆ. ನಮಗೆ ಕೊಟ್ಟಿರುವ ರೂಟರ್‌ನಲ್ಲಿ ಆ ಸೌಲಭ್ಯವೂ ಇಲ್ಲ, ಸೆಟ್ಟಿಂಗ್ ಬದಲಿಸಲು ಪಾಸ್‌ವರ್ಡೂ ಇಲ್ಲ. ಕೊನೆಗೆ ಕಂಪ್ಯೂಟರಿನಲ್ಲೇ ಅಪ್‌ಲೋಡ್‌ಗೆ ಮಿತಿ ಹಾಕಿ ಸುಧಾರಿಸಿಕೊಂಡೆವು.

ದೂರದಿಂದಾಗುವ ವಿಳಂಬಕ್ಕೆ ಕಂಪನಿಯನ್ನು ದೂರಲಾಗದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಸರ್ವರ್ ಸಿಂಗಪುರದಲ್ಲಿದ್ದರೆ ಹೋಗಿಬರಲು ಕನಿಷ್ಠ 30 ಮಿಲಿಸೆಕೆಂಡ್ ಬೇಕೇ ಬೇಕು. ಆದರೆ ಅದರ ಮೇಲೆ ಸೇರುವ ವಿಳಂಬವನ್ನು ಅವರು ಅಳೆಯಬಲ್ಲರು. ಆದ್ದರಿಂದ ಲೈನ್ ಖಾಲಿಯಿದ್ದಾಗ ಮತ್ತು ಅಪ್‌ಲೋಡ್ ಪೂರ್ತಿ ತುಂಬಿದಾಗ ಪಿಂಗ್ ಎಷ್ಟು, ಪ್ಯಾಕೆಟ್ ನಷ್ಟ ಎಷ್ಟು ಎಂಬುದನ್ನು ಕರಪತ್ರದಲ್ಲೇ ಮುದ್ರಿಸುವಂತೆ ಮತ್ತು ರೂಟರಿನ ಕೀಲಿಯನ್ನು ಗ್ರಾಹಕರಿಗೆ ಕೊಡುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಸೂಚಿಸಬೇಕೆಂದು ಕೋರುತ್ತೇನೆ.

– ಓದುಗ, ಮಂಡ್ಯ