ತರಗತಿಗಳು ಮೂಡಲ್‌ಗೆ ಹೋಗುತ್ತಿವೆ, ನಿಮ್ಮ ಅಂಕಗಳೂ ಜೊತೆಗೆ

ಎಲ್ಲ ಕಲಿಕೆದಾರರಿಗೆ ನಮಸ್ಕಾರ.

ಮುಂದಿನ ತಿಂಗಳ ಮೊದಲ ಭಾನುವಾರದಿಂದ ನಿಮ್ಮ ಪಾಠ, ಕ್ವಿಜ್, ಅಂಕ ಎಲ್ಲವೂ ಹೊಸ ಜಾಗದಲ್ಲಿ ಸಿಗುತ್ತವೆ. ಸೈಟಿನ ವಿಳಾಸ ಅದೇ ಇರುತ್ತದೆ, ಲಾಗಿನ್ ಆದ ಮೇಲೆ ಕಾಣುವುದು ಮಾತ್ರ ಬೇರೆ. ಇಷ್ಟು ದಿನ ಎಲ್ಲವನ್ನೂ ವರ್ಡ್‌ಪ್ರೆಸ್ ಅನ್ನುವ, ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಮೇಲೆ ನಡೆಸುತ್ತಿದ್ದೆವು. ಇನ್ನು ಮುಂದೆ ಕೋರ್ಸ್‌ಗಳ ಪರಿಚಯ, ಫೀಸ್ ಕಟ್ಟುವುದು ಇವೆಲ್ಲ ಅಲ್ಲೇ, ತರಗತಿಗಳು ಮಾತ್ರ ಮೂಡಲ್ ಅನ್ನುವ, ಆನ್‌ಲೈನ್ ತರಗತಿ ನಡೆಸುವ ಸಾಫ್ಟ್‌ವೇರ್‌ನಲ್ಲಿ. ಫೀಸ್ ಜಾಸ್ತಿ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಯಾಕೆಂದರೆ ಇಂಥ ಪತ್ರ ಬಂದರೆ ನಾವೂ ಮೊದಲು ಹುಡುಕುವುದು ಅದನ್ನೇ.

ಶುರುವಿನಲ್ಲಿ ವರ್ಡ್‌ಪ್ರೆಸ್ ಆರಿಸಿಕೊಂಡಿದ್ದಕ್ಕೆ ದೊಡ್ಡ ಲೆಕ್ಕಾಚಾರವೇನೂ ಇರಲಿಲ್ಲ. ನಮ್ಮ ಬಳಗದಲ್ಲಿ ಒಬ್ಬರಿಗೆ ಅದು ಚೆನ್ನಾಗಿ ಗೊತ್ತಿತ್ತು, ಅಷ್ಟೇ. 2003ರಲ್ಲಿ ಬ್ಲಾಗ್ ಬರೆಯುವವರಿಗಾಗಿ ಹುಟ್ಟಿದ ಸಾಫ್ಟ್‌ವೇರ್ ಅದು, ಪುಟ ಬರೆದು ಚೆಂದವಾಗಿ ತೋರಿಸುವುದರಲ್ಲಿ ಇವತ್ತಿಗೂ ಬಲು ಸಲೀಸು. ಆದರೆ ಪುಟ ಎಲ್ಲರಿಗೂ ಒಂದೇ ಥರ ಕಂಡರೆ ಸಾಕು. ತರಗತಿ ಹಾಗಲ್ಲ. ಮೂರನೇ ಪಾಠವನ್ನು ಅರ್ಧಕ್ಕೆ ಬಿಟ್ಟವರು ಯಾರು, ಕ್ವಿಜ್ ಎರಡು ಸಲ ಬರೆದವರಿಗೆ ಮೊದಲ ಅಂಕ ಲೆಕ್ಕಕ್ಕೋ ಜಾಸ್ತಿ ಬಂದದ್ದೋ, ಸರ್ಟಿಫಿಕೇಟ್ ಕೊಡಲು ಯಾವ ಕೆಲಸ ಬಾಕಿ, ಇದನ್ನೆಲ್ಲ ಒಬ್ಬೊಬ್ಬರ ಹೆಸರಿನಲ್ಲೂ ನೆನಪಿಟ್ಟುಕೊಳ್ಳಬೇಕು. ನಾವು ಆಗ ಕೇಳಿಕೊಂಡದ್ದು ಸೈಟ್ ಹೇಗೆ ಕಾಣಬೇಕು ಅಂತ. ಲಾಗಿನ್ ಆದ ಮೇಲೆ ಅದು ಏನೇನು ನೆನಪಿಡಬೇಕು ಅಂತ ಕೇಳಿಕೊಳ್ಳಲೇ ಇಲ್ಲ.

ಹಾಗಾಗಿ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಹೊಸ ಕೆಲಸ ಕಲಿಸುವ ಸೇರ್ಪಡೆ) ಮೇಲೆ ಪ್ಲಗಿನ್ ಬಂತು. ಕೋರ್ಸಿಗೆ ಒಂದು, ಸರ್ಟಿಫಿಕೇಟಿಗೆ ಒಂದು, ಫೀಸಿಗೆ ಇನ್ನೊಂದು. ಬರೆದವರು ಬೇರೆ ಬೇರೆ, ಅಪ್‌ಡೇಟ್ ಬರುವುದೂ ಬೇರೆ ಬೇರೆ ಹೊತ್ತಿಗೆ. ಒಂದು ಬೆಳಿಗ್ಗೆ ಅದರಲ್ಲಿ ಒಂದನ್ನು ಅಪ್‌ಡೇಟ್ ಮಾಡಿದೆವು, ಕೋರ್ಸ್ ಮುಗಿಸಿದವರಿಗೂ ಸೊನ್ನೆ ತೋರಿಸಲು ಶುರುವಾಯಿತು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಅದನ್ನೇ ವಾಪಸ್ ಹಾಕಿದೆವು, ಆದರೆ ಆ ಬ್ಯಾಕಪ್ ಆದ ಮೇಲೆ ಯಾರು ಕ್ವಿಜ್ ಬರೆದಿದ್ದರೋ ಅವರ ಉತ್ತರಗಳು ಹೋದವು. ಕೆಲವರು ಮತ್ತೆ ಬರೆದಿರಿ, ಬೈಯದೆ ಬರೆದಿರಿ. ತಪ್ಪು ನಮ್ಮದೇ. ಸೈಟಿನ ಒಂದು ನಕಲು ಮಾಡಿಕೊಂಡು ಮೊದಲು ಅದರಲ್ಲಿ ಪ್ರಯೋಗ ಮಾಡಬೇಕಿತ್ತು, ಮಾಡಿರಲಿಲ್ಲ. ಕ್ಷಮಿಸಿ.

ಇನ್ನೊಂದು ಕಷ್ಟ ವೇಗದ್ದು. ಮುಖಪುಟ ಚಕ್ಕನೆ ತೆರೆಯುತ್ತದೆ, ಪರೀಕ್ಷೆ ಮಾತ್ರ ತೆವಳುತ್ತದೆ ಅಂತ ತುಂಬ ಜನ ದೂರಿದ್ದಿರಿ. ಕಾರಣ ಇಷ್ಟೇ: ಪುಟವನ್ನು ಒಂದು ಸಲ ಸಿದ್ಧಮಾಡಿಟ್ಟು ಬಂದವರಿಗೆಲ್ಲ ಅದನ್ನೇ ಕೊಡುವುದಕ್ಕೆ ಕ್ಯಾಶ್ ಅನ್ನುತ್ತಾರೆ. ಲಾಗಿನ್ ಆದವರಿಗೆ ಒಬ್ಬೊಬ್ಬರಿಗೂ ಬೇರೆ ಪುಟ, ಹಾಗಾಗಿ ಅಲ್ಲಿ ಆ ಉಪಾಯ ನಡೆಯುವುದಿಲ್ಲ, ಪ್ರತಿ ಸಲವೂ ಸರ್ವರ್ ಹೊಸದಾಗಿ ಲೆಕ್ಕ ಹಾಕಬೇಕು. ಮೂಡಲ್ ಬಂದ ಮಾತ್ರಕ್ಕೆ ಇದು ಪೂರ್ತಿ ಮಾಯವಾಗುವುದಿಲ್ಲ. ಅದಕ್ಕೇ ತರಗತಿಗಳಿಗೆ ಬೇರೆಯದೇ ಸರ್ವರ್ ಹಾಕಿದ್ದೇವೆ.

ಆರಿಸುವಾಗ ಬೇರೆಯವನ್ನೂ ನೋಡಿದೆವು. ವರ್ಡ್‌ಪ್ರೆಸ್‌ನಂತೆಯೇ ಸೈಟ್ ಕಟ್ಟುವ ಡ್ರೂಪಲ್ ಗಟ್ಟಿ, ಅದರಲ್ಲಿ ಅನುಮಾನವಿಲ್ಲ, ಆದರೆ ಅದರ 7ನೇ ಆವೃತ್ತಿಯಲ್ಲಿದ್ದವರು 8ಕ್ಕೆ ಹೋಗುವಾಗ ಸೈಟನ್ನು ಹೆಚ್ಚುಕಮ್ಮಿ ಮತ್ತೆ ಕಟ್ಟಬೇಕಾಯಿತು, ಆ ಕಥೆ ಕೇಳಿಯೇ ನಮಗೆ ಸುಸ್ತಾಯಿತು. ಹಾರ್ವರ್ಡ್ ಮತ್ತು ಎಂಐಟಿ 2012ರಲ್ಲಿ ಶುರುಮಾಡಿದ ಆನ್‌ಲೈನ್ ಕೋರ್ಸ್ ತಾಣ ಎಡ್‌ಎಕ್ಸ್‌ನ ಸಾಫ್ಟ್‌ವೇರ್ ಕೂಡ ಓಪನ್ ಸೋರ್ಸ್, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆದರೆ ಸಾವಿರಾರು ಜನರ ಕೋರ್ಸಿಗೆಂದು ಕಟ್ಟಿದ್ದನ್ನು ನಮ್ಮಂಥ ಪುಟ್ಟ ಬಳಗ ಸಂಭಾಳಿಸುವುದು ಕಷ್ಟ. ತಿಂಗಳ ಬಾಡಿಗೆಯ ಸೇವೆಗಳೂ ಇವೆ, ಶುರುಮಾಡುವುದು ತುಂಬ ಸುಲಭ. ಅಲ್ಲಿಂದ ಹೊರಡಬೇಕಾದರೆ ಅಂಕಗಳನ್ನು ಹೇಗೆ ತೆಗೆದುಕೊಂಡು ಹೋಗುವುದು ಅಂತ ಕೇಳಿದೆವು. ನೇರ ಉತ್ತರ ಸಿಗಲಿಲ್ಲ, ಮುಂದೆ ಮಾತಾಡಲಿಲ್ಲ.

ಮೂಡಲ್ 2002ರಿಂದಲೂ ತರಗತಿಗಾಗಿಯೇ ಬೆಳೆದು ಬಂದದ್ದು. ಅಂಕಪಟ್ಟಿ, ಪ್ರಶ್ನೆ ಬ್ಯಾಂಕ್, ಪಾಠ ಮುಗಿದಿದೆಯೋ ಇಲ್ಲವೋ ಅನ್ನುವ ಲೆಕ್ಕ ಎಲ್ಲ ಅದರ ಒಳಗೇ ಇವೆ. ಒಂದು ಕೋರ್ಸನ್ನು ಇಡಿಯಾಗಿ ಒಂದೇ ಬ್ಯಾಕಪ್ ಫೈಲ್ ಮಾಡಿ ಇನ್ನೊಂದು ಮೂಡಲ್‌ನಲ್ಲಿ ತೆರೆಯಬಹುದು. ನಮ್ಮ ಮೇಷ್ಟ್ರುಗಳಿಗೆ ಇಷ್ಟವಾದದ್ದು ಇನ್ನೊಂದು: ಪ್ರಶ್ನೆಗಳನ್ನು ಗಿಫ್ಟ್ ಅನ್ನುವ ಸರಳ ರೂಪದಲ್ಲಿ ನೋಟ್‌ಪ್ಯಾಡಿನಲ್ಲೇ ಬರೆದು ಒಟ್ಟಿಗೆ ಏರಿಸಬಹುದು, ಒಂದೊಂದೇ ಪೆಟ್ಟಿಗೆ ತುಂಬುತ್ತಾ ಕೂರಬೇಕಿಲ್ಲ. ಫೋನಿಗೆ ಅದರದೇ ಆ್ಯಪ್ ಇದೆ, ಪಾಠ ಇಳಿಸಿಕೊಂಡರೆ ನೆಟ್ ಇಲ್ಲದಾಗಲೂ ಓದಬಹುದು. ನೋಡಲು ಏನೂ ಅಂಥ ಚೆಂದವಿಲ್ಲ, ಒಪ್ಪುತ್ತೇವೆ. ಸೆಟ್ಟಿಂಗ್ಸ್ ಪುಟಗಳಂತೂ ತೆರೆದರೆ ಮುಗಿಯುವುದೇ ಇಲ್ಲ, ಅದು ನಮ್ಮ ತಲೆನೋವು ಬಿಡಿ.

ಈಗ ನಿಮ್ಮ ಪಾಲಿನ ಕೆಲಸ. ಹೊಸ ಪಾಸ್‌ವರ್ಡ್ ಹಾಕಿಕೊಳ್ಳಬೇಕು. ಹಳೆಯದನ್ನೇ ಯಾಕೆ ಸಾಗಿಸಲಿಲ್ಲ ಅಂದರೆ, ನಿಮ್ಮ ಪಾಸ್‌ವರ್ಡ್ ಏನು ಅಂತ ನಮಗೂ ಗೊತ್ತಿಲ್ಲ. ಸೈಟ್ ಪಾಸ್‌ವರ್ಡನ್ನು ಹಾಗೇ ಬರೆದಿಡುವುದಿಲ್ಲ, ಮತ್ತೆ ಬಿಡಿಸಲಾಗದಂತೆ ಕಲಸಿ ಇಡುತ್ತದೆ, ಇಡಬೇಕಾದದ್ದೂ ಹಾಗೇ. ಭಾನುವಾರ ಬೆಳಿಗ್ಗೆ ಎಲ್ಲರಿಗೂ ಒಂದು ಇಮೇಲ್ ಬರುತ್ತದೆ, ಅದರಲ್ಲಿರುವ ಲಿಂಕ್ ಒತ್ತಿ. ಹಳೇ ಪಾಸ್‌ವರ್ಡ್ ಬರೆದು ಕಳಿಸಿ ಅಂತ ನಾವು ಯಾವತ್ತೂ ಕೇಳುವುದಿಲ್ಲ, ಹಾಗೆ ಕೇಳಿದ ಇಮೇಲ್ ಬಂದರೆ ಅದು ನಮ್ಮದಲ್ಲ.

ಮುಗಿದ ಕ್ವಿಜ್‌ಗಳ ಅಂಕ, ಸರ್ಟಿಫಿಕೇಟ್, ಅದರ ನಂಬರ್ ಎಲ್ಲ ಬರುತ್ತವೆ. ಅರ್ಧಕ್ಕೆ ನಿಲ್ಲಿಸಿದ ಕ್ವಿಜ್ ಬರುವುದಿಲ್ಲ, ದಯವಿಟ್ಟು ಶನಿವಾರ ಸಂಜೆಯೊಳಗೆ ಮುಗಿಸಿಬಿಡಿ. ಪಾಠಗಳ ಕೆಳಗೆ ನಡೆದ ಚರ್ಚೆಗಳೂ ಬರುವುದಿಲ್ಲ; ಎರಡು ಸಲ ಪ್ರಯತ್ನಪಟ್ಟೆವು, ಯಾರು ಯಾರಿಗೆ ಉತ್ತರ ಕೊಟ್ಟದ್ದು ಅನ್ನುವುದೇ ಕಲಸಿಹೋಯಿತು. ಹಳೇ ಸೈಟನ್ನು ಇನ್ನೂ ಮೂರು ತಿಂಗಳು ಓದಲಿಕ್ಕೆ ಮಾತ್ರ ತೆರೆದಿಡುತ್ತೇವೆ, ಬೇಕಾದ್ದನ್ನು ಅಷ್ಟರಲ್ಲಿ ಉಳಿಸಿಕೊಳ್ಳಿ.

ಶನಿವಾರ ರಾತ್ರಿಯಿಂದ ಭಾನುವಾರ ಬೆಳಿಗ್ಗೆವರೆಗೆ ಸೈಟ್ ಮುಚ್ಚಿರುತ್ತದೆ. ತೆರೆದ ಮೇಲೆ ಮೊದಲು ನಿಮ್ಮ ಅಂಕ ನೋಡಿ. ಒಂದೇ ಒಂದು ಅಂಕ ಆಚೀಚೆ ಆಗಿದ್ದರೂ ಈ ಇಮೇಲಿಗೇ ಉತ್ತರಿಸಿ, ಹಳೇ ದಾಖಲೆ ನಮ್ಮ ಹತ್ತಿರ ಇದೆ, ಹೋಲಿಸಿ ಸರಿಮಾಡುತ್ತೇವೆ.

ಬಳಗದ ಪರವಾಗಿ,
ಸೈಟ್ ನೋಡಿಕೊಳ್ಳುವವರು