ಎಷ್ಟು ಟಿಬಿ ಅಂತ ಮಾತ್ರ ಕೇಳಬೇಡಿ

ಮಾನ್ಯ ಸಂಪಾದಕರೇ,

ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಸಹಕಾರ ಸಂಘಗಳಿಗೂ ನರ್ಸಿಂಗ್ ಹೋಮ್‌ಗಳಿಗೂ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಸರ್ವರ್ ಕೊಳ್ಳುವಾಗ ಇವರು ಕರೆಯುವ ಕೊಟೇಶನ್‌ಗಳಲ್ಲಿ ಡಿಸ್ಕ್ ಬಗ್ಗೆ ಒಂದೇ ಸಾಲು ಇರುತ್ತದೆ: ಎಷ್ಟು ಟಿಬಿ (ಟೆರಾಬೈಟ್), ಅಂದರೆ ಎಷ್ಟು ಡೇಟಾ ಹಿಡಿಸುತ್ತದೆ. ಕಮ್ಮಿ ದರಕ್ಕೆ ಜಾಸ್ತಿ ಟಿಬಿ ಕೊಟ್ಟವರಿಗೆ ಆರ್ಡರ್. ಆ ಡಿಸ್ಕ್‌ಗಳನ್ನು ಹೇಗೆ ಜೋಡಿಸುತ್ತೀರಿ, ಒಂದು ಕೆಟ್ಟರೆ ಮುಂದೇನು ಅಂತ ಯಾರೂ ಕೇಳುವುದಿಲ್ಲ. ತೀರ್ಮಾನ ಮಾಡುವ ಆಡಳಿತ ಮಂಡಳಿಯವರು ಬೆಳಿಗ್ಗೆ ನಿಮ್ಮ ಪತ್ರಿಕೆ ಓದುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಒಂದು ಸಂಘದಿಂದ ಫೋನ್ ಬಂತು. ಬೆಳೆ ಸಾಲ ತೀರಿಸಿ ಹೊಸದು ಪಡೆಯುವ ಸಮಯ, ಕೌಂಟರ್ ಮುಂದೆ ರೈತರ ಸಾಲು. ಒಳಗೆ ಸರ್ವರ್ ಮೇಲೆ ಹಳೇ ಲೆಡ್ಜರ್‌ಗಳ ಗಂಟು, ಮುಂದುಗಡೆ ಧೂಳು ಕೂರದಿರಲಿ ಅಂತ ಹೊದಿಸಿದ ಬಟ್ಟೆ. ಬಟ್ಟೆ ಸರಿಸಿದರೆ ನಾಲ್ಕು ಡಿಸ್ಕ್‌ಗಳಲ್ಲಿ ಎರಡರ ಮೇಲೆ ಕಿತ್ತಳೆ ದೀಪ. ಡಿಸ್ಕ್ ಎಲ್ಲವನ್ನೂ ನಡೆಸುವ ಕಂಟ್ರೋಲರ್ ಅನ್ನುವ ಕಾರ್ಡಿನ ಲಾಗ್ ತೆಗೆದು ನೋಡಿದೆ. ಮೊದಲನೆಯದು ಹೋಗಿ ಎರಡು ತಿಂಗಳಾಗಿತ್ತು. ಬೀಪ್ ಸದ್ದು ಕಿರಿಕಿರಿ ಅಂತ ಯಾರೋ ಅಲಾರಂ ಬಂದ್ ಮಾಡಿದ್ದರು. ಇನ್ನೊಂದು ಅವತ್ತು ಬೆಳಿಗ್ಗೆ ಹೋಗಿತ್ತು. ಹಲವು ಡಿಸ್ಕ್ ಸೇರಿಸಿ ಒಂದಾಗಿ ನಡೆಸುವ ಜೋಡಣೆಗೆ ರೇಡ್ ಅನ್ನುತ್ತಾರೆ. ಅಲ್ಲಿ ಹಾಕಿದ್ದು ರೇಡ್ 5. ಒಂದು ಡಿಸ್ಕ್ ಹೋದರೆ ಅದು ತಡೆದುಕೊಳ್ಳುತ್ತದೆ, ಎರಡು ಹೋದರೆ ಎಲ್ಲವೂ ಹೋಯಿತು. ನಾಲ್ಕೂ ಒಂದೇ ಲಾಟಿನ ಡಿಸ್ಕ್‌ಗಳು, ಒಂದೇ ದಿನ ಶುರುವಾದವು. ಹತ್ತಿರ ಹತ್ತಿರ ಕೆಡುವ ಸಾಧ್ಯತೆ ಜಾಸ್ತಿ ತಾನೇ? ಬ್ಯಾಕಪ್ ಇತ್ತು, ಆದರೆ ಅದೂ ಹೋಯಿತು, ಇಟ್ಟಿದ್ದು ಅದೇ ಸರ್ವರಿನ ಡಿ ಡ್ರೈವ್‌ನಲ್ಲಿ.

ಆಮೇಲೆ ರೈತರ ಪಾಸ್‌ಬುಕ್ ತರಿಸಿಕೊಂಡು, ವೋಚರ್ ಹುಡುಕಿ ಲೆಕ್ಕವನ್ನು ಮತ್ತೆ ಬರೆದರು. ಪಾಸ್‌ಬುಕ್ ಕಳೆದುಕೊಂಡಿದ್ದ ವಯಸ್ಸಾದ ರೈತರೊಬ್ಬರು ಕಂತು ಕಟ್ಟಿದ್ದೇನೆ ಅಂತ ಎಲ್ಲರ ಮೇಜಿನ ಮುಂದೆ ನಿಂತು ಹೇಳಬೇಕಾಯಿತು. ಅದನ್ನು ನೋಡಿ ಬಹಳ ಸಂಕಟವಾಯಿತು. ಅವರದೇನು ತಪ್ಪು?

ರೇಡ್ ಬಗ್ಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ಬರೆದಾಗ ಲೆಕ್ಕಕ್ಕೆ ಹಿಡಿದಿದ್ದ ಸಣ್ಣ ಡಿಸ್ಕ್ 100 ಎಂಬಿಯದು. ಈಗ 8 ಟಿಬಿ ಸಾಮಾನ್ಯ. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿದರೆ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ರೀಬಿಲ್ಡ್ ಆದರೂ, ಅಂದರೆ ಹೊಸದಕ್ಕೆ ಡೇಟಾ ಮತ್ತೆ ತುಂಬಿದರೂ, ಸುಮಾರು 15 ಗಂಟೆ ಬೇಕು. ಜನ ಕೆಲಸ ಮಾಡುತ್ತಿದ್ದರೆ ಇನ್ನೂ ಹೊತ್ತು. ಅಷ್ಟು ಹೊತ್ತೂ ಉಳಿದ ಡಿಸ್ಕ್‌ಗಳನ್ನು ತುದಿಯಿಂದ ತುದಿಗೆ ಓದಬೇಕು. ವರ್ಷಗಟ್ಟಲೆ ಯಾರೂ ಮುಟ್ಟದ ಕೆಟ್ಟ ಸೆಕ್ಟರ್ ಆಗಲೇ ಹೊರಗೆ ಬರುವುದು. ಅದಕ್ಕೇ ಇಷ್ಟು ದೊಡ್ಡ ಡಿಸ್ಕ್‌ಗಳಿಗೆ ಎರಡು ಡಿಸ್ಕ್ ಹೋದರೂ ತಡೆಯುವ ರೇಡ್ 6 ಅಥವಾ ಪ್ರತಿಯೊಂದನ್ನೂ ಎರಡು ಡಿಸ್ಕಿನಲ್ಲಿ ಬರೆಯುವ ರೇಡ್ 10 ಹಾಕಿಸಿ. ಸ್ಟೆಪ್ನಿ ಟೈರಿನ ಹಾಗೆ ಒಂದು ಹಾಟ್ ಸ್ಪೇರ್ ಇರಲಿ. ಕೆಟ್ಟ ಸೆಕ್ಟರ್ ಮೊದಲೇ ಹುಡುಕುವ ಪ್ಯಾಟ್ರೋಲ್ ರೀಡ್ ಅನ್ನುವ ತಪಾಸಣೆ ರಾತ್ರಿ ಹೊತ್ತು ಓಡುವಂತೆ ಇಡಿಸಿ.

"ಮೇಡಂ, ಸರ್ವರ್ ಸ್ಲೋ" ಅನ್ನುವ ದೂರು ಇನ್ನೊಂದು. ದೊಡ್ಡ ಡಿಸ್ಕ್ ಹಾಕಿದರೆ ಸರಿಹೋಗುತ್ತದೆ ಅಂತ ಸುಮ್ನೆ ದುಡ್ಡು ಸುರಿಯುತ್ತಾರೆ. 4 ಟಿಬಿ ಇರಲಿ, 16 ಟಿಬಿ ಇರಲಿ, ಡಿಸ್ಕ್ ಸಾಮಾನ್ಯವಾಗಿ ತಿರುಗುವುದು ನಿಮಿಷಕ್ಕೆ 7200 ಸುತ್ತೇ. ಅಲ್ಲಿ ಇಲ್ಲಿ ಚದುರಿದ ಓದು ಬರಹವಾದರೆ ಸೆಕೆಂಡಿಗೆ ಸುಮಾರು 80 ಕೆಲಸ ಮಾಡುತ್ತದೆ. ರೇಡ್ 5ರಲ್ಲಿ ಒಂದು ಸಣ್ಣ ಎಂಟ್ರಿ ಬರೆಯಲು ಹಳೇ ಡೇಟಾ ಓದಬೇಕು, ಹಳೇ ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾ ಮರಳಿ ಪಡೆಯಲು ಇಡುವ ಲೆಕ್ಕ) ಓದಬೇಕು, ಆಮೇಲೆ ಎರಡನ್ನೂ ಹೊಸದಾಗಿ ಬರೆಯಬೇಕು. ಒಂದಕ್ಕೆ ನಾಲ್ಕು ಕೆಲಸ. ಅಂದರೆ ನಾಲ್ಕು ಡಿಸ್ಕ್ ಸೇರಿ ಸೆಕೆಂಡಿಗೆ 80 ಎಂಟ್ರಿ ಬರೆದಾವು. ಅದೇ ಡಿಸ್ಕ್‌ಗಳು ರೇಡ್ 10ರಲ್ಲಿ 160 ಬರೆಯುತ್ತವೆ, ಅಲ್ಲಿ ಒಂದಕ್ಕೆ ಎರಡೇ ಕೆಲಸ. ನಾನು ನೋಡುವ ಸಂಘಗಳ ಲೆಕ್ಕವೆಲ್ಲ ಸೇರಿದರೂ ಹತ್ತಾರು ಜಿಬಿ ಅಷ್ಟೇ, ಒಂದು ಟಿಬಿಯೂ ಅಲ್ಲ. ಅಂಥವರಿಗೆ ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಸರ್ವರ್ ದರ್ಜೆಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್) ಎರಡು ತಂದು ಮಿರರ್ ಮಾಡಿದರೆ, ಅಂದರೆ ಎರಡರಲ್ಲೂ ಅದೇ ಡೇಟಾ ಬರೆಸಿದರೆ, ಧಾರಾಳವಾಯಿತು.

ಕಂಟ್ರೋಲರ್ ಬ್ಯಾಟರಿಯನ್ನಂತೂ ಎಲ್ಲರೂ ಮರೆತಿದ್ದಾರೆ. ಬರೆಯಬೇಕಾದ್ದನ್ನು ಮೊದಲು ಕ್ಯಾಶ್ ಅನ್ನುವ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಳ್ಳುವುದರಿಂದಲೇ ಸರ್ವರ್ ಚುರುಕಾಗಿರುವುದು. ಕರೆಂಟ್ ಹೋದಾಗ ಅದನ್ನು ಉಳಿಸುವುದು ಈ ಬ್ಯಾಟರಿ. ಬ್ಯಾಟರಿ ಸೋತರೆ ಕಂಟ್ರೋಲರ್ ತಾನೇ ಹುಷಾರಾಗಿ ನೇರ ಡಿಸ್ಕಿಗೆ ಬರೆಯುತ್ತದೆ, ಎಲ್ಲ ನಿಧಾನವಾಗುತ್ತದೆ. ಆಗ ಬ್ಯಾಟರಿ ಬದಲಿಸುವ ಬದಲು ಸೆಟ್ಟಿಂಗ್‌ನಲ್ಲಿ ಕ್ಯಾಶ್ ಅನ್ನು ಬಲವಂತವಾಗಿ ಆನ್ ಮಾಡಿ ಹೋಗುವವರಿದ್ದಾರೆ. ಗಾಳಿ ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಕ್ಯಾಶ್‌ನಲ್ಲಿದ್ದ ಎಂಟ್ರಿಗಳೆಲ್ಲ ಮಾಯ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ.

ಸಹಕಾರ ಇಲಾಖೆಯವರಲ್ಲಿ ಒಂದು ಕೋರಿಕೆ. ಆಡಿಟ್‌ಗೆ ಬಂದವರು ವೋಚರ್ ಜೊತೆಗೆ ಕಂಟ್ರೋಲರ್ ರಿಪೋರ್ಟಿನ ಪ್ರಿಂಟನ್ನೂ ಕೇಳಲಿ. ಬೇರೆ ಕಡೆ ಇಟ್ಟ ಬ್ಯಾಕಪ್‌ನಿಂದ ಯಾವುದಾದರೂ ಒಂದು ಖಾತೆಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿ ಅನ್ನಲಿ. ಈ ಬಗ್ಗೆ ಸುತ್ತೋಲೆ ಹೊರಟರೆ ಮಾರ್ಚ್ ಲೆಕ್ಕಕ್ಕೆ ಮುಂಚೆ ಪ್ರತಿ ಸಂಘದಲ್ಲೂ ಒಂದು ಸಲ ನೋಡಿ ಮುಗಿಸಬಹುದು.

– ಸರ್ವರ್ ನಿರ್ವಾಹಕಿ, ಸುಭಾಷ್ ನಗರ, ಮಂಡ್ಯ