ಬಣ್ಣದ ನೀರು ಬೇಡ, ಲ್ಯಾಬ್ ಇರುವ ಹಾಗೇ ತೋರಿಸಿ

ಮಾನ್ಯ ಸಂಪಾದಕರೇ,

ನಾನು ಮಂಗಳೂರಿನ ಒಂದು ಸಣ್ಣ ಬಯೋಟೆಕ್ ಸ್ಟಾರ್ಟಪ್‌ನಲ್ಲಿ ಕೆಲಸ ಮಾಡುತ್ತೇನೆ. ಒಟ್ಟು 14 ಜನ ಇದ್ದೇವೆ. ಸಿಗಡಿ ಮರಿಗಳಲ್ಲಿ ಬಿಳಿ ಚುಕ್ಕೆ ರೋಗದ ವೈರಸ್ ಇದೆಯಾ ಅಂತ ಪಿಸಿಆರ್ ಪರೀಕ್ಷೆ (ವೈರಸ್ಸಿನ ಡಿಎನ್‌ಎ ಸ್ವಲ್ಪವೇ ಇದ್ದರೂ ಅದನ್ನು ಹೆಚ್ಚಿಸಿ ಪತ್ತೆ ಹಚ್ಚುವ ಪರೀಕ್ಷೆ) ಮಾಡಿ ಹೇಳುತ್ತೇವೆ. ಈ ರೋಗ ಹೊಂಡಕ್ಕೆ ಬಂದರೆ 3ರಿಂದ 10 ದಿನದೊಳಗೆ ಇಡೀ ಬೆಳೆ ಹೋಗಿಬಿಡಬಹುದು. ಅದಕ್ಕೇ ಕುಂದಾಪುರ ಕಡೆಯ ಕೃಷಿಕರು ಮರಿ ಬಿಡುವ ಮೊದಲು ನಮ್ಮ ರಿಪೋರ್ಟಿಗೆ ಕಾಯುತ್ತಾರೆ.

ಕಳೆದ ವರ್ಷ ಹೊಸಬರನ್ನು ಸೇರಿಸಿಕೊಳ್ಳಲು ನಮ್ಮಲ್ಲಿ ಒಂದು ವಿಡಿಯೋ ಮಾಡಿಸಿದರು. ಟೀಮ್ ಹೇಗಿದೆ ಅಂತ ಹೊರಗಿನವರಿಗೆ ಗೊತ್ತಾಗಲಿ ಎಂಬ ಆಸೆ ತಪ್ಪಲ್ಲ. ಆದರೆ ಪಿಸಿಆರ್ ಟ್ಯೂಬಿನಲ್ಲಿ ಇರುವುದು 25 ಮೈಕ್ರೋಲೀಟರ್, ಒಂದು ಹನಿಗಿಂತಲೂ ಕಡಿಮೆ, ಬಣ್ಣವೂ ಇಲ್ಲ. ಶೂಟಿಂಗಿನವರಿಗೆ ಅದು ಹಿಡಿಸಲಿಲ್ಲ. ಫ್ಲಾಸ್ಕಿಗೆ ನೀಲಿ ನೀರು ತುಂಬಿಸಿ ಕೈಗೆ ಕೊಟ್ಟರು, ಎಲ್ಲಿಂದಲೋ ಕೇರಂ ಬೋರ್ಡ್ ತಂದಿಟ್ಟು ನಗಿ ಅಂದರು. ಗಾಜಿನ ಸಾಮಾನು ತೊಳೆಯುವ ಅಕ್ಕನನ್ನು ಕ್ಯಾಮೆರಾದಿಂದ ಆಚೆ ನಿಲ್ಲಿಸಿದರು. ನನಗೆ ತುಂಬಾ ಬೇಜಾರಾಯಿತು.

ಅವರು ಬರಬೇಕಾಗಿದ್ದದ್ದು ಕಳೆದ ಮಳೆಗಾಲದ ಒಂದು ಶುಕ್ರವಾರ. ಪ್ರತಿ ಸಲ ಸ್ಯಾಂಪಲ್‌ಗಳ ಜೊತೆ ಬರೀ ನೀರು ಹಾಕಿದ ಒಂದು ಟ್ಯೂಬ್ ಇಡುತ್ತೇವೆ, ಅದರಲ್ಲಿ ವೈರಸ್ ಇದೆ ಅಂತ ಬರಬಾರದು. ಅವತ್ತು ಬಂತು. ಅಂದರೆ ಎಲ್ಲೋ ಕಲಬೆರಕೆ ಆಗಿದೆ, ಇಡೀ ದಿನದ ಫಲಿತಾಂಶ ನಂಬುವ ಹಾಗಿಲ್ಲ. ಸೇರಿ ಎರಡೇ ತಿಂಗಳಾಗಿದ್ದ ಬೈಂದೂರಿನ ಹುಡುಗಿ ತಾನಾಗಿಯೇ ಮುಂದೆ ಬಂದು, 'ಸರ್, ನಾನು ಗ್ಲೌಸ್ ಬದಲಿಸಲು ಮರೆತಿದ್ದೆ, ನನ್ನಿಂದಲೇ ಆಗಿರಬೇಕು' ಅಂದಳು. ಯಾರೂ ಬೈಯಲಿಲ್ಲ. ಸರ್ ರಿಜಿಸ್ಟರಿನಲ್ಲಿ ಅದನ್ನು ಬರೆಸಿದರು, ಕೃಷಿಕರಿಗೆ ತಾವೇ ಫೋನ್ ಮಾಡಿ ನಾಳೆ ಹೇಳುತ್ತೇವೆ ಅಂದರು, ಆಮೇಲೆ ನಾವೆಲ್ಲ ಕೂತು ಮೊದಲಿಂದ ಮಾಡಿದೆವು. ಅಕ್ಕನೂ ಮನೆಗೆ ಹೋಗಲಿಲ್ಲ, ಚಹಾ ಮತ್ತು ಗೋಳಿಬಜೆ ತರಿಸಿಕೊಟ್ಟರು. ಮುಗಿಯುವಾಗ ರಾತ್ರಿ 11 ದಾಟಿತ್ತು. ನಮ್ಮ ಟೀಮ್ ಅಂದರೆ ಇದು, ಅಲ್ವಾ?

ಆ ವಿಡಿಯೋ ನೋಡಿ ಸೇರಿದ ಇಬ್ಬರು ಮೂರು ತಿಂಗಳಲ್ಲಿ ಬಿಟ್ಟು ಹೋದರು. ಅವರದು ತಪ್ಪು ಅನ್ನಲಾರೆ. ದಿನವಿಡೀ ಪಿಪೆಟ್ (ದ್ರವವನ್ನು ಅಳೆದು ಹಾಕುವ ಸಾಧನ) ಹಿಡಿಯಬೇಕು, ಕೆಲವೊಮ್ಮೆ ರಾತ್ರಿ ಕರೆಂಟ್ ಹೋದರೆ ಫ್ರೀಜರ್ ನೋಡಲು ಓಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲೇ ಶುರುವಾದ ಊರು ನಮ್ಮದು. ಸುರತ್ಕಲ್, ಕೊಣಾಜೆ, ಮಣಿಪಾಲದಲ್ಲಿ ಕಲಿತ ಎಷ್ಟೋ ಮಕ್ಕಳು ಇಲ್ಲಿ ಇಂಥ ಕೆಲಸ ಇದೆ ಅಂತಲೇ ಗೊತ್ತಿಲ್ಲದೆ ಬೆಂಗಳೂರಿನ ರಾತ್ರಿ ಬಸ್ಸು ಹತ್ತುತ್ತಾರೆ. ಹಾಗಾಗಿ ಇಲ್ಲಿನ ಸ್ಟಾರ್ಟಪ್ ನಡೆಸುವವರಲ್ಲಿ ನನ್ನ ಕೋರಿಕೆ: ಶೂಟಿಂಗಿನವರನ್ನು ಮೊದಲು ಎರಡು ದಿನ ಕ್ಯಾಮೆರಾ ಇಲ್ಲದೆ ಲ್ಯಾಬಿನಲ್ಲಿ ಸುಮ್ನೆ ಕೂರಿಸಿ. ತೊಳೆಯುವವರು, ಸ್ಯಾಂಪಲ್ ತರುವವರು, ಹೊಸದಾಗಿ ಸೇರಿದವರು ಎಲ್ಲರನ್ನೂ ಅವರು ಮಾತಾಡಿಸಲಿ. ಸಂಬಳ, ರಜೆ, ರಾತ್ರಿ ಕೆಲಸ ಎಷ್ಟು ಅಂತಲೂ ಅದರಲ್ಲೇ ಹೇಳಿ. ಆ ಬೈಂದೂರಿನ ಹುಡುಗಿಯನ್ನು ನಾನು ಕೇಳಿದೆ, ಶುಕ್ರವಾರದ ಕಥೆಯನ್ನು ಕ್ಯಾಮೆರಾ ಮುಂದೆ ಹೇಳಲು ಅವಳು ತಯಾರಿದ್ದಾಳೆ.

– ಲ್ಯಾಬ್ ಉದ್ಯೋಗಿ, ಮಂಗಳೂರು